ಬಲಗೈಲಿ ತಿರುಗಿಸಿದ ಇಂಜಿನ್ನು

ಫಿಟ್ಟರ್ ಸಾಬ್ರ ಬಲಗೈ ಹೋದದ್ದು ನನ್ನ ಒಂದು ಮಾತಿನಿಂದ. ಅವರ ಹೆಸರು ಹೋದದ್ದು ನನ್ನದೇ ಇನ್ನೊಂದು ಮಾತಿನಿಂದ. ಎರಡೂ ಗಟ್ಟಿಯಾಗಿ ಆಡಿದ ಮಾತುಗಳಲ್ಲ. ಹಾಗೆ ನೋಡಿದರೆ ನನ್ನದು ದೊಡ್ಡ ಬಾಯಿ. ಅಜ್ಜಂಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆಗಿ ಇಪ್ಪತ್ತೆಂಟು ವರ್ಷ ಕೂಗಾಡಿ ರಿಟೈರ್ ಆದವಳು ನಾನು. ಬಸ್ಸಿನಲ್ಲಿ ಚಿಲ್ಲರೆ ಕೊಡದ ಕಂಡಕ್ಟರಿನಿಂದ ಹಿಡಿದು ತಾಲೂಕು ಆಫೀಸಿನ ಗುಮಾಸ್ತನವರೆಗೆ ಎಲ್ಲರ ಮೇಲೂ ಹಾರಾಡಿದ್ದೇನೆ. ಮಾತಾಡಲೇಬೇಕಾದ ಎರಡು ಹೊತ್ತಿನಲ್ಲಿ ಮಾತ್ರ ಬೆಕ್ಕಿನ ಹಾಗೆ ಮೆತ್ತಗೆ ಆಡಿದೆ.

ಅಪ್ಪ ಹಿರೇನಲ್ಲೂರು ಕಡೆಯ ನಮ್ಮ ಹಳ್ಳಿಯಲ್ಲಿ ಹಿಟ್ಟಿನ ಮಿಲ್ಲು ನಡೆಸುತ್ತಿದ್ದ. ಅದಕ್ಕೆ ಒಂದೇ ಸಿಲಿಂಡರಿನ ಡೀಸೆಲ್ ಇಂಜಿನ್ನು, ಇಂಗ್ಲೆಂಡಿನಲ್ಲಿ ಮಾಡಿದ್ದು, ಎರಡೂ ಬದಿಗೆ, ಬೀಸುವ ಕಲ್ಲಿಗಿಂತ ಅಗಲವಾದ ಕಬ್ಬಿಣದ ಚಕ್ರಗಳು. ಕರೆಂಟು ಬಂದು ಮೋಟರು ಕೂತ ಮೇಲೆ ಅದು ತೆಂಗಿನ ತೋಟದ ಶೆಡ್ಡಿಗೆ ಹೋಯಿತು. ಅಪ್ಪ ಹೋದ ಮೇಲೆ ಶೆಡ್ಡಿನ ಸೂರೂ ಹೋಯಿತು. ನಾನು ರಿಟೈರ್ ಆದ ವರ್ಷ ಕಾಯಿ ಕೀಳಿಸಲು ತೋಟಕ್ಕೆ ಹೋಗಿದ್ದಾಗ ಗುಜರಿಯವನೊಬ್ಬ ಸಮ್ಮಟಿಗೆ ಎತ್ತಿಕೊಂಡು ಅದರ ಮುಂದೆ ನಿಂತಿದ್ದ. ಒಡೆದು ತುಂಡು ಮಾಡಿ ಸಾಗಿಸಲು ಅವ್ವ ನನಗೆ ಹೇಳದೆ ಒಪ್ಪಿಕೊಂಡಿದ್ದಳು.

"ಮುಟ್ಟಿದ್ರೆ ನೋಡು ಮತ್ತೆ!" ಎಂದು ಕಿರುಚಿದೆ. ಅವನು ಸಮ್ಮಟಿಗೆ ಅಲ್ಲೇ ಬಿಟ್ಟು ಬದುವಿನ ಆಚೆ ಹೋಗಿ ನಿಂತ.

ಟ್ರ್ಯಾಕ್ಟರಿನಲ್ಲಿ ಹೇರಿಸಿ ಅಜ್ಜಂಪುರದ ಮನೆಯ ಹಿತ್ತಲಿಗೆ ತಂದು, ತಗಡಿನ ಚಪ್ಪರ ಹಾಕಿಸಿ ಇಳಿಸಿಕೊಂಡೆ. ಮನೆಯಲ್ಲಿ ಇರುವವರು ನಾನು, ಅವ್ವ ಇಬ್ಬರೇ. "ಮದ್ವೆ ಮಾಡ್ಕೊ ಅಂದ್ರೆ ಒಲ್ಲೆ ಅಂದೆ, ಈಗ ಈ ಕರಿ ಗಂಡನ್ನ ತಂದ್ಕೊಂಡ್ಯಾ?" ಎಂದು ಅವ್ವ ಮೂರು ದಿನ ಮುಖ ಕೊಡಲಿಲ್ಲ.

ರಿಪೇರಿಗೆ ಯಾರೂ ಸಿಗಲಿಲ್ಲ. ಬೈಕು ರಿಪೇರಿ ಹುಡುಗರು ಬಂದು ಅದರ ಜೊತೆ ಫೋಟೋ ಹೊಡೆದುಕೊಂಡು ಹೋದರು. ಕೊನೆಗೆ ತರೀಕೆರೆಯಲ್ಲಿ ಒಬ್ಬ ಸಾಬ್ರಿದ್ದಾರೆ, ಹಳೇ ಕಾಲದ ಫಿಟ್ಟರು ಎಂದು ಗೊತ್ತಾಗಿ ಹೇಳಿಕಳಿಸಿದೆ. ಮಾರನೇ ದಿನವೇ ಬೆಳಗಿನ ಬಸ್ಸಿಗೆ ಬಂದಿಳಿದರು. ಎಪ್ಪತ್ತು ದಾಟಿದ ಸಣಕಲು ಮೈ, ಒಂದು ಕಣ್ಣಿನ ಪೊರೆ ತೆಗೆಸಿದ್ದರು, ಇನ್ನೊಂದರದು ತೆಗೆಸಬೇಕಿತ್ತು. ಚೀಲ ಇಳಿಸದೆ ಇಂಜಿನ್ನಿನ ಸುತ್ತ ಒಂದು ಸುತ್ತು ಬಂದರು.

"ಓಡ್ತದಾ ಸಾಬ್ರೇ?"

"ಓಡ್ಲೇಬೇಕು ಮೇಡಂ. ಒಂದ್ ಕಾಲ್ದಲ್ಲಿ ಕಡೂರಿಂದ ತರೀಕೆರೆ ತಂಕ ಯಾವ ಬಾವಿ ಮೇಲೆ ಇಂಜಿನ್ ನಿಂತ್ರೂ ನಂಗೇ ಹೇಳಿಕಳಿಸೋರು. ಈಗ ಮನೇಲಿ ಮಿಕ್ಸಿ ಕೆಟ್ರೂ ಮೊಮ್ಮಗ ಅಂಗಡಿಗೆ ತಗಂಡೋಯ್ತಾನೆ. ನಿಮ್ಗೆ ಕೈ ನಡುಗ್ತದೆ ತಾತ, ಬಿಡಿ ಅಂತಾನೆ." ಆಮೇಲೆ ಚೀಲ ಇಳಿಸಿದರು. "ಇದೊಂದು ಓಡಿದ್ರೆ ನಾಲ್ಕ್ ಜನ ಅಂತಾರೆ, ಸಾಬ್ರ ಕೈಯಾಗೆ ಇನ್ನೂ ಕೆಲ್ಸ ಐತೆ ಅಂತ. ನಂಗಷ್ಟು ಸಾಕು."

ವಾರಕ್ಕೆ ಎರಡು ದಿನ, ಐದು ತಿಂಗಳು ಬಂದರು. ಪಿಸ್ಟನ್ನು ತುಕ್ಕು ಹಿಡಿದು ಸಿಲಿಂಡರಿಗೆ ಅಂಟಿಕೊಂಡಿತ್ತು. ಮೇಲಿನಿಂದ ಸೀಮೆಎಣ್ಣೆ, ಡೀಸೆಲ್ಲು ಬೆರೆಸಿ ಸುರಿದು ಇಪ್ಪತ್ತು ದಿನ ನೆನೆಸಿದೆವು. ಮರದ ತುಂಡು ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಕೂತರೆ ದಿನಕ್ಕೆ ಕೂದಲೆಳೆಯಷ್ಟು ಸರಿಯುತ್ತಿತ್ತು. ನಾನು ಜೋರಾಗಿ ಬಡಿಯಲು ಹೋದರೆ ಸುತ್ತಿಗೆ ಕಿತ್ತುಕೊಳ್ಳುತ್ತಿದ್ದರು. "ಸ್ಕೂಲ್ ಮಕ್ಕಳಿಗೆ ಬಡ್ದಂಗೆ ಬಡೀಬ್ಯಾಡಿ ಮೇಡಂ" ಅನ್ನುವರು. ನನಗೆ ಆ ಥರ ಹೇಳಿ ದಕ್ಕಿಸಿಕೊಂಡವರು ಅವರೊಬ್ಬರೇ.

ಸಾಬ್ರು ಎಡಚರು. ಸ್ಪ್ಯಾನರು ಹಿಡಿಯುವುದು, ಸುತ್ತಿಗೆ ಬೀಸುವುದು, ಬೋಲ್ಟು ಬಿಗಿ ಮಾಡುವುದು ಎಲ್ಲ ಎಡಗೈಯಲ್ಲೇ. ಬಲಗೈ ಹಿಂದಿನಿಂದ ಒತ್ತು ಕೊಡುತ್ತಿತ್ತು. ವಾಲ್ವುಗಳಿಗೆ ಪೇಸ್ಟು ಹಚ್ಚಿ ಅಂಗೈ ನಡುವೆ ಉಜ್ಜಿ ಉಜ್ಜಿ ಕೂರಿಸಿದರು. ರಿಂಗು ಹೊಸದು ಹಾಕಿದರು.

ಕೊನೆಗೆ ಉಳಿದದ್ದು ಟೈಮಿಂಗು. ಸಿಲಿಂಡರಿನೊಳಗೆ ಡೀಸೆಲ್ಲು ಯಾವ ಗಳಿಗೆಯಲ್ಲಿ ಚಿಮ್ಮಬೇಕು ಎಂಬ ಲೆಕ್ಕ ಅದು. ಅವರು ಅದನ್ನು ಕಣ್ಣಿನಿಂದ ಮಾಡಲಿಲ್ಲ. ಚಕ್ರ ನಿಧಾನಕ್ಕೆ ತಿರುಗಿಸಲು ನನಗೆ ಹೇಳಿ, ಸ್ಕ್ರೂಡ್ರೈವರಿನ ತುದಿಯನ್ನು ಡೀಸೆಲ್ಲು ಚಿಮ್ಮುವ ನಾಜಲ್ಲಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೂತರು. ಒಳಗೆ ಕರ್ರ್ ಎಂದ ಕೂಡಲೇ "ನಿಲ್ಸಿ!" ಎಂದರು. ಚಕ್ರದ ಮೇಲಿನ ಗೆರೆ ಸರಿಯಾಗಿ ಮೇಲಿನ ಗುರುತಿಗೆ ಬಂದು ನಿಂತಿತ್ತು. ಮತ್ತೆ ಮತ್ತೆ ನೋಡಿದೆವು, ಅಲ್ಲೇ ನಿಲ್ಲುತ್ತಿತ್ತು.

"ಇದು ಮುಂಚೆ ಆದ್ರೆ ಏನಾಗ್ತದೆ?"

"ರಿವರ್ಸ್ ಹೊಡೀತದೆ. ಸ್ಟಾರ್ಟ್ ಮಾಡೋ ಹ್ಯಾಂಡಲ್ ಹಿಂದಕ್ಕೆ ತಿರುಗಿ ಕೈ ಮುರೀತದೆ. ಟೈಮಿಂಗ್ ಸರಿ ಇದ್ರೂ, ಸ್ಪೀಡ್ ಸಾಲ್ದಂಗೆ ತಿರುಗಿಸಿದ್ರೆ ಅಷ್ಟೇಯ. ಅದುಕ್ಕೆ ಜೋರಿರೋ ಕೈಲೇ ತಿರುಗಿಸ್ಬೇಕು."

ಅವರು ಹೀಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೇನೆ. ತಲೆಯಾಡಿಸಿದ್ದೇನೆ ಕೂಡ.

ಸ್ಟಾರ್ಟ್ ಮಾಡುವ ದಿನ ಒಂದು ಶುಕ್ರವಾರ. ಅಷ್ಟು ಹೊತ್ತಿಗೆ ಅವ್ವನ ಸಿಟ್ಟೆಲ್ಲ ಕರಗಿ ಹೋಗಿತ್ತು. ಬೆಳಿಗ್ಗೆಯೇ ಸ್ನಾನ ಮಾಡಿ ಬಂದು ಇಂಜಿನ್ನಿಗೆ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಚಕ್ರಕ್ಕೆ ಚೆಂಡುಹೂವಿನ ಹಾರ ಹಾಕಿದಳು. ಚಕ್ರ ತಿರುಗಿದರೆ ಹಾರ ಸಿಕ್ಕಿಕೊಳ್ಳುತ್ತದೆಂದು ನಾನು ಕಿತ್ತೆಸೆದೆ. ಅದಕ್ಕೊಂದು ಜಗಳವಾಯಿತು. ಹೆಬ್ಬೆ ಕಡೆ ತೋಟ ಇರುವ ಒಬ್ಬರು ನೋಡಲು ಬಂದು ಕುರ್ಚಿಯಲ್ಲಿ ಕೂತಿದ್ದರು. ಅವರ ತೋಟದಲ್ಲೂ ಇಂಥವೇ ಎರಡು ಹಳೇ ಇಂಜಿನ್ನುಗಳಿದ್ದವು. ಇದು ಓಡಿದರೆ ಅವನ್ನೂ ಸಾಬ್ರಿಗೇ ವಹಿಸುವ ಮಾತಾಗಿತ್ತು. ಸಾಬ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು.

ಹ್ಯಾಂಡಲ್ಲಿಗೆ ಎಡಗೈ ಹಾಕಿದರು. ಆಗ ಅವ್ವ ನನ್ನನ್ನು ಬಾಗಿಲ ಬಳಿಗೆ ಕರೆದು ಪಿಸುಗುಟ್ಟಿದಳು.

"ಏನೇ ಇದು? ನಿಮ್ಮಪ್ಪನ ಅನ್ನದ ಇಂಜಿನ್ನು ಕಣೇ ಅದು. ಇಷ್ಟು ವರ್ಷಕ್ಕೆ ಮೊದಲ್ನೇ ಸಲ ಉಸಿರಾಡೋವಾಗ ಎಡಗೈ ಹಾಕ್ತಾರೇನೇ? ಬಲಗೈಲಿ ತಿರುಗ್ಸಕ್ಕೇಳು."

"ಸುಮ್ನಿರವ್ವ, ಅವ್ರು ಎಡಚರು."

"ಆಮೇಲೆ ಯಾವ್ ಕೈಲಾದ್ರೂ ತಿರುಗಿಸ್ಕೊಳ್ಲಿ. ಮೊದಲ್ನೇದು ಬಲಗೈಲಿ ಆಗ್ಬೇಕು. ಇಲ್ದಿದ್ರೆ ನಾ ಆರತಿ ಎತ್ತಕಿಲ್ಲ."

ಕುರ್ಚಿಯಲ್ಲಿದ್ದವರು ನೋಡುತ್ತಿದ್ದರು. ಇನ್ನೊಂದು ಜಗಳ ಬೇಡವೆನಿಸಿತು. ಗ್ರಹಣದ ದಿನ ಮಕ್ಕಳನ್ನು ಅಂಗಳಕ್ಕೆ ಕರೆದು ಬಿಸ್ಕತ್ತು ತಿನ್ನಿಸಿದವಳು ನಾನು. ಮೂಢನಂಬಿಕೆ ಎಂದರೆ ಉರಿದುಬೀಳುತ್ತಿದ್ದವಳು. ಅಂಥವಳು ತಿರುಗಿ, ನಗುನಗುತ್ತಾ, "ಹೋಗ್ಲಿ ಸಾಬ್ರೇ, ಅವ್ವನ ಸಮಾಧಾನಕ್ಕೆ ಒಂದೇ ಒಂದ್ಸಲ ಬಲಗೈಲಿ ತಿರುಗಿಸ್ಬಿಡಿ" ಎಂದೆ.

ಸಾಬ್ರು ತಮ್ಮ ಎಡಗೈಯನ್ನು ಒಮ್ಮೆ ನೋಡಿಕೊಂಡರು. ಐದು ತಿಂಗಳು ಆ ಕೈ ಇಂಜಿನ್ನಿನ ಹೊಟ್ಟೆಯೊಳಗೇ ಇತ್ತು. "ಆಯ್ತು ಬಿಡಿ ಮೇಡಂ" ಎಂದರು. ಹ್ಯಾಂಡಲ್ಲಿಗೆ ಬಲಗೈ ಹಾಕಿದರು, ಎಡಗೈ ಮೇಲಿನ ಲಿವರಿಗೆ ಹೋಯಿತು. ಆ ಲಿವರು ಎತ್ತಿ ಹಿಡಿದಿರುವವರೆಗೆ ಚಕ್ರ ಸಲೀಸಾಗಿ ತಿರುಗುತ್ತದೆ. ಸ್ಪೀಡು ಬಂದ ಮೇಲೆ ಅದನ್ನು ಬಿಟ್ಟರೆ ಇಂಜಿನ್ನು ಹಿಡಿದುಕೊಳ್ಳುತ್ತದೆ.

ಒಂದು ಸುತ್ತು, ಎರಡು ಸುತ್ತು, ಆರು, ಏಳು. ಸ್ಪೀಡು ಏರಲಿಲ್ಲ. ಅವರ ಕುತ್ತಿಗೆಯ ನರ ಉಬ್ಬಿತು. ಭುಜ ಸೋತು ಹ್ಯಾಂಡಲ್ಲು ತಡೆತಡೆದು ಬರುತ್ತಿತ್ತು. ನನಗೆ ಕಂಡಿತ್ತು. "ನಿಲ್ಸಿ" ಎಂದು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವರು ಲಿವರ್ ಬಿಟ್ಟರು.

ಢಬ್ ಎಂದು ಒಂದೇ ಏಟು. ಹ್ಯಾಂಡಲ್ಲು ಹಿಂದಕ್ಕೆ ತಿರುಗಿ ಅವರ ಮುಂಗೈಗೆ ಬಡಿದು, ಇನ್ನೆರಡು ಸುತ್ತು ಸುತ್ತಿ ಕಿತ್ತುಕೊಂಡು ಹೋಗಿ ಗೋಡೆಗೆ ಬಿತ್ತು. ಇಂಜಿನ್ನು ಮಾತ್ರ ನಿಲ್ಲಲಿಲ್ಲ. ಉಲ್ಟಾ ಓಡತೊಡಗಿತು. ಗಾಳಿ ಎಳೆದುಕೊಳ್ಳುವ ಬಾಯಿಯಿಂದ ಹೊಗೆ ಕಾರುತ್ತಾ ಚಪ್ಪರವನ್ನೆಲ್ಲ ಕಪ್ಪು ಮಾಡಿತು. ಸಾಬ್ರು ನೆಲದ ಮೇಲೆ ಕೈ ಅವಚಿಕೊಂಡು ಬಿದ್ದಿದ್ದರು. ಆ ನೋವಿನಲ್ಲೂ "ಲಿವರ್ ಎತ್ತಿ ಮೇಡಂ, ಲಿವರ್!" ಎಂದು ಕೂಗಿದರು. ಎತ್ತಿದೆ. ನಿಂತಿತು. ಬಿಳಿ ಅಂಗಿಯ ತೋಳಿನಲ್ಲಿ ಕೈ ಇರಬೇಕಾದ ರೀತಿಯಲ್ಲಿ ಇರಲಿಲ್ಲ.

ತರೀಕೆರೆಯ ಆಸ್ಪತ್ರೆಗೆ, ಅಲ್ಲಿಂದ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಮೂಳೆ ಮೂರು ಕಡೆ ಮುರಿದಿತ್ತು. ರಾಡು ಹಾಕಿದರು. ಸಕ್ಕರೆ ಕಾಯಿಲೆಯ ಮೈ, ಗಾಯ ಕೀವಾಗಿ ಮತ್ತೆ ಕೊಯ್ದರು. ಕೈ ಉಳಿಯಿತು, ಬೆರಳು ಮಡಚಲಿಲ್ಲ. ಒಂದು ಕೈ ಸ್ಪ್ಯಾನರ್ ಹಿಡಿದರೆ ಇನ್ನೊಂದು ಬೋಲ್ಟು ಹಿಡಿಯಬೇಕು. ಒಂಟಿ ಕೈಯಲ್ಲಿ ಫಿಟ್ಟರ್ ಕೆಲಸವಿಲ್ಲ.

ಅವ್ವ ಏನೆಂದಳು ಗೊತ್ತೇ? "ಹಿಂದೆಲ್ಲ ಎಡಗೈಲೇ ಮುಟ್ಟಿದ್ರಲ್ಲ, ಅದುಕ್ಕೇ ಹಿಂಗಾಯ್ತು." ಅವತ್ತು ನಾನು ತಟ್ಟೆ ಎತ್ತಿ ಅಂಗಳಕ್ಕೆ ಎಸೆದೆ. ಅವಳು ಅತ್ತಳು. ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಊರಿನಲ್ಲಿ ಬೇರೆ ಮಾತು ಹುಟ್ಟಿತು. ಸಾಬ್ರಿಗೆ ಕಣ್ಣು ಮಂಜು, ಟೈಮಿಂಗ್ ತಪ್ಪಿಟ್ಟರು, ಅದಕ್ಕೇ ರಿವರ್ಸ್ ಹೊಡೆಯಿತು ಎಂದು. ಅಜ್ಜಂಪುರದಲ್ಲಿ ಹುಟ್ಟಿದ್ದು ಬಸ್ಸು ಹತ್ತಿ ತರೀಕೆರೆಗೂ ಹೋಯಿತು. ಎರಡು ತಿಂಗಳ ಮೇಲೆ ಹೆಬ್ಬೆ ಕಡೆಯವರು ಫೋನ್ ಮಾಡಿದರು. ಕುರ್ಚಿಯಲ್ಲಿ ಕೂತು ಕಣ್ಣಾರೆ ನೋಡಿದ್ದರೂ, ಬಾಗಿಲ ಬಳಿ ಅವ್ವ ಪಿಸುಗುಟ್ಟಿದ್ದು ಅವರಿಗೆ ಕೇಳಿಸಿರಲಿಲ್ಲ. ನಾನು ನಗುನಗುತ್ತಾ ಹೇಳಿದ್ದನ್ನು ತಮಾಷೆ ಎಂದುಕೊಂಡಿದ್ದರು.

"ಮೇಡಂ, ಸಾಬ್ರು ಕೈಲಿ ಕೆಲಸ ಮಾಡೋದು ಬೇಡ. ನಮ್ಮ ಹುಡುಗ್ರು ಮಾಡ್ತಾರೆ. ಅವ್ರು ಕೂತ್ಕೊಂಡು ಹೇಳಿಕೊಟ್ರೆ ಸಾಕು. ಕರೆಸ್ಲಾ? ಆದ್ರೆ ಜನ ಏನೋ ಅಂತಾರಲ್ಲ, ಟೈಮಿಂಗ್ ತಪ್ಪಿತ್ತಂತೆ, ಹೌದಾ?"

ಇಲ್ಲ ಎನ್ನಬೇಕಿತ್ತು. ಟೈಮಿಂಗ್ ಸರಿಯಿತ್ತು, ಗೆರೆ ನಾನೇ ನೋಡಿದ್ದೆ, ಎಡಚರಿಗೆ ಬಲಗೈಲಿ ತಿರುಗಿಸಿ ಅಂದವಳು ನಾನು ಎನ್ನಬೇಕಿತ್ತು. ವಿಜ್ಞಾನದ ಮೇಡಂ ಎಡಗೈ ಅಪಶಕುನ ಅಂದಳಂತೆ ಎಂದು ಊರು ನಗುವುದು ಕಣ್ಣಿಗೆ ಕಟ್ಟಿತು. "ವಯಸ್ಸಾಯ್ತಲ್ಲ, ಪಾಪ" ಎಂದೆ. ಅಷ್ಟೇ. ಅವರು "ಓಹೋ ಸರಿ ಸರಿ" ಎಂದು ಫೋನ್ ಇಟ್ಟರು.

ಒಂದು ವರ್ಷ ಇಂಜಿನ್ನಿನ ಮೇಲೆ ಟಾರ್ಪಾಲು ಮುಚ್ಚಿತ್ತು. ಆಮೇಲೊಂದು ಬೆಳಿಗ್ಗೆ, ತಡೆಯಲಾಗದೆ, ಟಾರ್ಪಾಲು ಎಳೆದೆ. ಸಾಬ್ರು ಇಟ್ಟ ಟೈಮಿಂಗನ್ನು ಮುಟ್ಟಲಿಲ್ಲ. ಎಣ್ಣೆ ನೋಡಿ, ನೀರು ತುಂಬಿ, ಹ್ಯಾಂಡಲ್ ಹಿಡಿದೆ. ನನ್ನದು ಬಲಗೈಯೇ ಜೋರಿನ ಕೈ. ಎರಡು ಸಲ ಆಗಲಿಲ್ಲ. ಮೂರನೇ ಸಲ ಮೈಯೆಲ್ಲ ಹಾಕಿ ತಿರುಗಿಸಿ ಲಿವರ್ ಬಿಟ್ಟೆ. ಹಿಡಿದುಕೊಂಡಿತು. ಢುಗ್, ಢುಗ್, ಢುಗ್ ಎಂದು, ಒಂದು ತಪ್ಪು ಏಟಿಲ್ಲದೆ, ಸರಿಯಾದ ದಿಕ್ಕಿನಲ್ಲಿ. ಅವ್ವ ಬಾಗಿಲಿಗೆ ಬಂದು ಸೆರಗು ಬಾಯಿಗೊತ್ತಿಕೊಂಡು ನಿಂತಳು. ನನಗೆ ಸಂತೋಷ ಆಗಲಿಲ್ಲ. ಅವರ ಕೆಲಸದಲ್ಲಿ ಒಂದು ಕೂದಲಿನಷ್ಟು ತಪ್ಪೂ ಇರಲಿಲ್ಲ.

ಆ ಶಬ್ದವನ್ನು ಫೋನಿನಲ್ಲಿ ಹಿಡಿದುಕೊಂಡು ಅವತ್ತೇ ತರೀಕೆರೆಗೆ ಹೋದೆ. ಮಧ್ಯಾಹ್ನದ ಹೊತ್ತು. ಬಾಗಿಲು ತೆರೆದಿತ್ತು. ಸಾಬ್ರು ಚಾಪೆಯ ಮೇಲೆ ಕೂತಿದ್ದರು. ಅವರ ಹೆಂಡತಿ ಎದುರಿಗೆ ಕೂತು ಅನ್ನ ಕಲಸಿ ತುತ್ತು ಮಾಡಿ ಬಾಯಿಗೆ ಇಡುತ್ತಿದ್ದರು. ನನ್ನನ್ನು ಕಂಡ ಕೂಡಲೇ ಸಾಬ್ರು ಬಾಯಿ ಮುಚ್ಚಿಕೊಂಡರು. ತುತ್ತು ಆಕೆಯ ಕೈಯಲ್ಲೇ ಉಳಿಯಿತು.

"ಚಮಚದಲ್ಲಿ ತಿನ್ನಿ ಅಂದ್ರೆ ಕೇಳಲ್ಲ ನೋಡಿ ಮೇಡಂ, ಇನ್ನೊಂದ್ ಕೈ ಗಟ್ಟಿಮುಟ್ಟಾಗೈತೆ" ಎಂದರು ಆಕೆ.

"ಎಡಗೈಲಿ ಹೆಂಗೆ ಅನ್ನ ತಿನ್ನಾದು?" ಎಂದರು ಸಾಬ್ರು. "ನೀವೇ ಹೇಳಿ ಮೇಡಂ."

ಚುಚ್ಚಿ ಹೇಳಿದ್ದಲ್ಲ. ನಿಜವಾಗಿಯೇ ಕೇಳಿದ್ದು. ನಾನು ಫೋನ್ ತೆಗೆದು ಶಬ್ದ ಹಾಕಿದೆ. ಅವರು ಕಣ್ಣು ಮುಚ್ಚಿ, ತಲೆ ವಾರೆ ಮಾಡಿ, ಪೂರಾ ಕೇಳಿದರು. ಮುಗಿದ ಮೇಲೆ ಇನ್ನೊಮ್ಮೆ ಹಾಕಿಸಿಕೊಂಡರು.

"ಟೈಮಿಂಗ್ ಮುಟ್ಟಿದ್ರಾ?"

"ಇಲ್ಲ ಸಾಬ್ರೇ. ನೀವಿಟ್ಟಿದ್ದೇ."

"ನಂಗೊತ್ತಿತ್ತು" ಎಂದರು. ಆಮೇಲೆ ಕಣ್ಣು ತೆರೆದು ನನ್ನನ್ನು ನೋಡಿದರು. ಪೊರೆ ತೆಗೆಸಿದ ಕಣ್ಣಿನಲ್ಲಿ ಆಸೆ ಇತ್ತು. "ಜನಕ್ಕೆ ಹೇಳಿದ್ರಾ ಮೇಡಂ? ಆ ಹೆಬ್ಬೆಯೋರ್ಗೆ?"

"ಇಲ್ಲ" ಎಂದೆ.

ಸಾಬ್ರು ಹೆಂಡತಿಯ ಕಡೆ ತಿರುಗಿ, ನಾನು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ, ತುತ್ತಿಗೆ ಬಾಯಿ ತೆರೆದರು.