ಎಣಿಸಬಾರದ ಎರಡು ಸುತ್ತು

ಆ ಭಾನುವಾರ ಬೆಳಿಗ್ಗೆ ಆಂಡರ್ಸನ್‌ಪೇಟೆಯ ನಮ್ಮ ಮನೆಯ ನಡುಮನೆಯಲ್ಲಿ ಇದ್ದವರು ಮೂರೇ ಜನ. ಅತ್ತೆ ನೆಲದ ಮೇಲೆ ಕಾಲು ಚಾಚಿಕೊಂಡು ನೆನೆಹಾಕಿದ್ದ ಅವರೆಕಾಳು ಹಿದುಕುತ್ತಿದ್ದರು. ಮೇಜಿನ ಆಚೆ ಬದಿಯಲ್ಲಿ ಮಾವ, ಕನ್ನಡಕ ಸಾಲದೆಂದು ಕೈಯಲ್ಲೊಂದು ಭೂತಗನ್ನಡಿ. ಈಚೆ ಬದಿಯಲ್ಲಿ ಬಿಸಿ ಸೋಲ್ಡರಿಂಗ್ ಐರನ್ ಹಿಡಿದ ನಾನು. ನಮ್ಮ ಯಜಮಾನರಿಗೆ ಕಾರ್ಖಾನೆಯಲ್ಲಿ ಮೊದಲ ಪಾಳಿ, ಅಲ್ಲೇ ಕೆಲಸ ಮಾಡುವ ನನಗೆ ರಜೆ. ಅವರೂ ಇದ್ದಿದ್ದರೆ ಅಭಿಪ್ರಾಯ ಇನ್ನೊಂದು ಹೆಚ್ಚಾಗುತ್ತಿತ್ತು, ಕೆಲಸವೇನೂ ಹೆಚ್ಚಾಗುತ್ತಿರಲಿಲ್ಲ.

ಮೇಜಿನ ಮೇಲೆ ಸಂಡಿಗೆ ಒಣಹಾಕುವ ದೊಡ್ಡ ತಟ್ಟೆ. ಅದರ ತುಂಬ ಆಂಪ್ಲಿಫೈಯರ್ ಕಿಟ್‌ನ ಬಿಡಿಭಾಗಗಳು: ರೆಸಿಸ್ಟರು, ಕೆಪಾಸಿಟರು, ಎರಡು ದಪ್ಪ ಟ್ರಾನ್ಸಿಸ್ಟರು, ಶಾಖ ಎಳೆದುಕೊಳ್ಳುವ ರೆಕ್ಕೆರೆಕ್ಕೆಯ ಅಲ್ಯೂಮಿನಿಯಂ ತುಂಡು, ತಾಮ್ರದ ತಂತಿ, ಮತ್ತು ನಡುವೆ ತೂತಿರುವ ಎರಡು ಕೆಂಪು ಉಂಗುರ.

"ಇದೇನೇ ಉಡ್ಗೀ, ಇಲಿಮರಿಗೆ ವಡೆನಾ?" ಅಂದರು ಅತ್ತೆ ಉಂಗುರ ನೋಡಿ. "ಇಷ್ಟೆಲ್ಲ ಚಿಲ್ರೆ ತರಿಸ್ಕೊಂಡು ಕೂತ್ಕಳೋ ಬದ್ಲು ಜೋಡಿಸಿರೋದನ್ನೇ ತರಿಸ್ಕಬೋದಿತ್ತಲ್ಲ?"

"ನಾವೇ ಜೋಡಿಸಿದ್ರೆ ಕೆಟ್ಟಾಗ ಎಲ್ಲಿ ಕೈಯಿಡ್ಬೇಕು ಅಂತ ಗೊತ್ತಾಗ್ತದೆ ಅತ್ತೆ."

"ಅಂದ್ರೆ ಕೆಡ್ತದೆ ಅಂತ ಈಗ್ಲೇ ಗೊತ್ತು!"

ಮಾವ ತಲೆ ಎತ್ತಲಿಲ್ಲ. ಆ ದಿನಗಳಲ್ಲಿ ಅವರಿಗೆ ನಗು ಬರುತ್ತಿರಲಿಲ್ಲ. ಯಾಕೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬಂಗಾರಪೇಟೆ ಕಡೆಯ ಹಳ್ಳಿಯಿಂದ ಬಂದು ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಕೆಲಸಕ್ಕೆ ಸೇರಿದ ಮಾವ, ಗಣಿ ಮುಚ್ಚುವವರೆಗೂ ವೈಂಡಿಂಗ್ ಎಂಜಿನ್ ಡ್ರೈವರು. ಎಂಜಿನ್ ಮನೆಯೊಳಗೆ ಕೂತು, ದೈತ್ಯ ಡ್ರಮ್ಮಿಗೆ ಉಕ್ಕಿನ ಹಗ್ಗ ಸುತ್ತಿ ಬಿಚ್ಚಿ, ಜನ ತುಂಬಿದ ಕೇಜನ್ನು ಪಾತಾಳಕ್ಕೆ ಇಳಿಸುವುದು, ಮೇಲೆ ಎಳೆಯುವುದು. ಕೂತ ಜಾಗದಿಂದ ಕೇಜೂ ಕಾಣದು, ಜನರೂ ಕಾಣರು. ಕೇಳುವುದು ಕೆಳಗಿನಿಂದ ಬರುವ ಗಂಟೆ ಮಾತ್ರ. ಒಂದು ಹೊಡೆದರೆ ಎಳೆ. ಎರಡು ಹೊಡೆದರೆ ಇಳಿಸು. ಮೂರು ಹೊಡೆದರೆ ಒಳಗೆ ಮನುಷ್ಯರಿದ್ದಾರೆ, ಹುಷಾರು. ಆ ಗಂಟೆ ಹೊಡೆಯುತ್ತಿದ್ದವರು ಮಾವನ ಗೆಳೆಯರೊಬ್ಬರು, ಪಕ್ಕದ ಉರಿಗಾಂನಲ್ಲಿ ಹುಟ್ಟಿ ಬೆಳೆದ ತಮಿಳರು. ಒಬ್ಬರು ಮೇಲೆ, ಒಬ್ಬರು ಕೆಳಗೆ. ಪಾಳಿ ಪೂರ್ತಿ ಮುಖ ನೋಡದೆ ಮಾತಾಡಿಕೊಂಡವರು. "ಅವನು ಜ್ವರ ಬಂದು ಕೆಲಸಕ್ಕೆ ಬಂದಿದ್ರೂ ಬೆಲ್ಲಲ್ಲೇ ಗೊತ್ತಾಗ್ತಿತ್ತು ಕಣವ್ವಾ" ಎನ್ನುತ್ತಿದ್ದರು ಮಾವ.

ಗಣಿ ಮುಚ್ಚಿತು. ಗೆಳೆಯರು ರಾಯಚೂರು ಕಡೆಯ ಇನ್ನೊಂದು ಗಣಿಗೆ ಹೋದವರು ಅಲ್ಲೇ ಮಗಳ ಮನೆಯಲ್ಲಿ ನೆಲೆನಿಂತರು. ನಾನು ಸೊಸೆಯಾಗಿ ಬಂದಾಗ ಸೀರೆ ಪೆಟ್ಟಿಗೆಯ ಜೊತೆ, ಲೈಸೆನ್ಸು ಪಡೆದವರು ಮನೆಯಿಂದಲೇ ದೂರದವರೊಡನೆ ಮಾತಾಡುವ ಒಂದು ಹ್ಯಾಮ್ ರೇಡಿಯೋ ತಂದೆ. ಒಂದು ದಿನ ನಾನು ಟಿಕ್ಕು ಟಿಕ್ಕು ಸದ್ದಿನಲ್ಲೇ ಅಕ್ಷರ ಕಳಿಸುವ ಮೋರ್ಸ್ ಕುಟ್ಟುತ್ತಿದ್ದಾಗ ಮಾವ ಬಾಗಿಲಲ್ಲಿ ಬಂದು ನಿಂತರು. "ಇದು ನಮ್ಮ ಬೆಲ್ ಹೊಡ್ದಂಗೇ ಐತಲ್ಲವ್ವಾ" ಅಂದರು. ಕಲಿತರು, ಪರೀಕ್ಷೆ ಬರೆದರು, ಲೈಸೆನ್ಸು ಪಡೆದರು. ಸುಮ್ಮನಿರದೆ ದೂರದ ಗೆಳೆಯರ ಬೆನ್ನುಬಿದ್ದು ಅವರಿಂದಲೂ ಬರೆಸಿದರು. ಅಲ್ಲಿಂದ ಬೆಳಗಿನ ಕಾಫಿಯಾದ ಮೇಲೆ ಇಬ್ಬರದೂ ಟಿಕ್ಕು ಟಿಕ್ಕು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ತಮಿಳು ಬೆರೆಸಿದ ಹರಟೆ. ಶುರುವಿಗೆ ಮೊದಲು ಇಬ್ಬರೂ ಮೂರು ಸಲ ತಟ್ಟುತ್ತಿದ್ದರು. ಒಳಗೆ ಮನುಷ್ಯರಿದ್ದಾರೆ, ಹುಷಾರು.

ಆದರೆ ಗೆಳೆಯರ ಕಿವಿ ಮಂದವಾಗುತ್ತ ಬಂತು. ಗಣಿಯ ಸಿಡಿಮದ್ದು ಕೇಳಿದ ಕಿವಿಗಳು. ಫೋನಿನಲ್ಲಿ ಅವರಿಗೆ ಮಾತು ಅರ್ಥವಾಗುವುದು ಯಾವತ್ತೋ ನಿಂತಿತ್ತು, ಮಗಳೇ ಮಧ್ಯೆ ಕೂತು ಕೂಗಬೇಕು. ಮೋರ್ಸ್ ಮಾತ್ರ ಕೇಳುತ್ತಿತ್ತು, ಈಗ ಅದೂ ಮಸುಕು. ಅವರು ತಮ್ಮ ಸೆಟ್ಟಿನ ಸೌಂಡು ಜೋರು ಮಾಡಿಕೊಂಡರೆ ಆಕಾಶದ ಗೊರಗೊರವೂ ಜೋರಾಗುತ್ತದೆ. ನಮ್ಮ ಪುಟ್ಟ ಸೆಟ್ಟಿನ ಐದು ವ್ಯಾಟ್ ಆ ಗೊರಗೊರದಲ್ಲಿ ಮುಳುಗಿಹೋಗುತ್ತಿತ್ತು. ಕಾರ್ತಿಕ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ಕುಟ್ಟಿದರು: ನೀನು ಕೇಳಿಸ್ತಿಲ್ಲ ಡ್ರೈವರೇ, ಪೊಂಗಲ್ ತನಕ ನೋಡ್ತೀನಿ, ಆಮೇಲೆ ಸೆಟ್ಟು ಯಾರಿಗಾದ್ರೂ ಕೊಟ್ಬಿಡ್ತೀನಿ.

ಆವತ್ತು ಮಾವ ಊಟ ಮಾಡಲಿಲ್ಲ. ಕೂಗಿದ್ದು ಕೇಳದಿದ್ದರೆ ಹತ್ತಿರ ಹೋಗಬೇಕು, ಹೋಗಲಾಗದಿದ್ದರೆ ಜೋರಾಗಿ ಕೂಗಬೇಕು ಎನ್ನುತ್ತಿದ್ದಳು ನಮ್ಮಜ್ಜಿ. ಜೋರಾಗಿ ಕೂಗುವ ಯಂತ್ರವೇ ಆಂಪ್ಲಿಫೈಯರ್. ಕಿಟ್ ತರಿಸಿದೆ.

ಬೋರ್ಡಿಗೆ ಬೆಸುಗೆ ಹಾಕುವುದು ನನ್ನ ಪಾಲು. ಕೆಂಪು ಉಂಗುರಗಳಿಗೆ ತಂತಿ ಸುತ್ತುವುದು ಮಾವನ ಪಾಲು. "ಹದಿನಾಲ್ಕು ಸುತ್ತು ಮಾವ, ತಂತಿ ತೂತಿನೊಳಗೆ ಒಂದು ಸಲ ಹೋಗಿಬಂದರೆ ಒಂದು ಲೆಕ್ಕ" ಎಂದು ತೋರಿಸಿಕೊಟ್ಟೆ.

"ಜೀವ್ಮಾನ ಎಲ್ಲ ಡ್ರಮ್ಮಿಗೆ ಹಗ್ಗ ಸುತ್ತಿದೋನಿಗೆ ಸುತ್ತೋದ್ ಏಳ್ಕೊಡ್ತಾಳೆ ನೋಡು" ಅಂದರು ಅತ್ತೆಯ ಕಡೆ ತಿರುಗಿ.

"ಸುತ್ತೋದ್ರಲ್ಲಿ ನಿಮ್ಮನ್ನ ಮೀರಿಸೋರು ಯಾರು? ಒಂದು ಕಟ್ಟು ಕೊತ್ಮಿರಿ ತರಕ್ಕೆ ಓದ್ರೆ ಊರೆಲ್ಲ ಸುತ್ಕೊಂಡೇ ಬತ್ತೀರ" ಅಂದರು ಅತ್ತೆ.

ಮಾವ ಸುತ್ತಿದ ಉಂಗುರ ನೋಡಬೇಕಿತ್ತು. ತಂತಿಯ ಪಕ್ಕ ತಂತಿ, ಎಲ್ಲೂ ಒಂದರ ಮೇಲೊಂದು ಹತ್ತಿಲ್ಲ, ಎಲ್ಲೂ ಸಡಿಲವಿಲ್ಲ. ಒಡವೆಯಂತಿತ್ತು. ಎಣಿಸುವ ಯೋಚನೆಯೇ ನನಗೆ ಬರಲಿಲ್ಲ, ಹಾಗೇ ಬೋರ್ಡಿಗೆ ಕೂರಿಸಿದೆ.

ಅವರೆಕಾಳಿನ ಸೊಗಡು, ಬೆಸುಗೆಯ ಹೊಗೆ ಎರಡೂ ಬೆರೆತ ಮನೆಯಲ್ಲಿ ಸಂಜೆ ಹೊತ್ತಿಗೆ ಯಂತ್ರ ಸಿದ್ಧವಾಯಿತು. ಕರೆಂಟು ಕೊಟ್ಟು ಮೋರ್ಸ್ ಕುಟ್ಟುವ ಕೀಲಿ ಒತ್ತಿದೆ. ಮೀಟರಿನ ಮುಳ್ಳು ನಲವತ್ತು ವ್ಯಾಟಿನ ಹತ್ತಿರ ಹೋಗಬೇಕಿತ್ತು. ಹತ್ತರ ತನಕ ತೆವಳಿ ನಿಂತುಬಿಟ್ಟಿತು. ಅಲ್ಯೂಮಿನಿಯಂ ತುಂಡು ಮಾತ್ರ ಕೈಯಿಡಲಾಗದಷ್ಟು ಕಾದಿತು.

"ಹಪ್ಪಳ ಸುಟ್ಕಬೋದು" ಅಂದರು ಅತ್ತೆ. ಮಾವನ ಮುಖ ನೋಡಿ ಎದ್ದು ಹೋಗಿ ಕಾಫಿಗೆ ನೀರಿಟ್ಟರು.

ಆ ವಾರವೆಲ್ಲ ಕಾರ್ಖಾನೆಯಿಂದ ಬಂದವಳೇ ತಪ್ಪು ಹುಡುಕುವ ಕೆಲಸ. ಬೆಸುಗೆಗಳನ್ನೆಲ್ಲ ಮತ್ತೆ ಕಾಯಿಸಿದೆ. ಟ್ರಾನ್ಸಿಸ್ಟರ್ ಬದಲಿಸಿದೆ. ಮುಳ್ಳು ಅಲ್ಲಿಂದ ಕದಲಲಿಲ್ಲ. ಮಾವ ಪಕ್ಕದಲ್ಲಿ ಕೂತು ಭೂತಗನ್ನಡಿಯಲ್ಲಿ ನೋಡುವರು. ಬೀದಿಯಲ್ಲಿ ಕಬ್ಬಿನ ಗಾಡಿಗಳು ಬರತೊಡಗಿದ್ದವು, ಪೊಂಗಲ್ ಹತ್ತಿರವಾಗಿತ್ತು.

ಕೊನೆಗೆ ಒಂದು ಸಂಜೆ, ಬೇರೇನೂ ಉಳಿದಿಲ್ಲವೆಂದು, ಸೂಜಿಮೊನೆಯಿಂದ ಉಂಗುರದ ಸುತ್ತುಗಳನ್ನು ಎಣಿಸಿದೆ. ಹದಿನಾರು. ಇನ್ನೊಂದರಲ್ಲೂ ಹದಿನಾರು.

"ಮಾವ, ಹದಿನಾಲ್ಕು ಅಂದಿದ್ದೆನಲ್ಲ?"

"ಹದಿನಾಕೇ ಸುತ್ತಿರೋದು."

"ಇಲ್ಲಿ ಹದಿನಾರಿದೆ."

"ಮೊದಲ್ನೇ ಎರಡು ಲೆಕ್ಕಕ್ಕಿಲ್ಲ ಕಣವ್ವಾ" ಅಂದರು, ನನಗೆ ಅಷ್ಟೂ ತಿಳಿಯದೇ ಎಂಬಂತೆ. "ಕೇಜು ಎಷ್ಟೇ ಕೆಳಕ್ಕೆ ಓಗ್ಲಿ, ಡ್ರಮ್ಮಿನ ಮೇಲೆ ಎರಡು ಸುತ್ತು ಹಗ್ಗ ಇದ್ದೇ ಇರ್ಬೇಕು. ಅದನ್ನ ಯಾರೂ ಎಣಿಸಲ್ಲ. ಅದು ಡ್ರಮ್ಮಿಂದು. ಅದೂ ಬಿಚ್ಕೊಂತು ಅಂದ್ರೆ ಕೇಜೂ ಓಯ್ತು, ಜನಾನೂ ಓದ್ರು."

ನನಗೆ ನಗು ಬಂತು. ಎಷ್ಟು ವರ್ಷ ಆ ಎರಡು ಸುತ್ತನ್ನು ಎಣಿಸದೆ ಕಾಪಾಡಿದ ಕೈ ಅದು! ನಮ್ಮ ಯಂತ್ರದ ಶಕ್ತಿಯನ್ನು ನುಂಗುತ್ತಿದ್ದದ್ದೂ ಅದೇ ಎರಡು ಸುತ್ತು.

"ಮಾವ, ಇವೆರಡು ಬಿಚ್ಚಬೇಕು. ಹೆಚ್ಚಿಗೆ ಸುತ್ತಿದ್ದರೆ ಸಿಗ್ನಲ್ಲು ದಾಟಲ್ಲ. ಇದು ಡ್ರಮ್ಮಲ್ಲ, ಇಲ್ಲಿ ಯಾರೂ ಹಗ್ಗ ಹಿಡಿದು ತೂಗಾಡ್ತಾ ಇಲ್ಲವಲ್ಲ."

ಅವರು ಉಂಗುರ ನೋಡುತ್ತ ಕೂತರು. ಆಮೇಲೆ ಮೆಲ್ಲಗೆ, "ಯಾರೂ ಇಲ್ವಾ? ತೂಗಾಡ್ತಾ ಇರೋನು ಅವನೇ ಅಲ್ವೇನವ್ವಾ" ಅಂದರು.

ಅತ್ತೆ ಅಡುಗೆಮನೆಯಿಂದ ಬಂದು, ಸೆರಗಿನಲ್ಲಿ ಕೈ ಒರೆಸಿಕೊಂಡು, "ಹಗ್ಗ ಸಾಲ್ದೆ ತಾನೇ ಅವನ ಕೈಗೆ ಸಿಗ್ದಿರೋದು? ಆ ಎರಡು ಸುತ್ತೂ ಬಿಡಿ, ಹಿಡ್ಕೊಂತಾನೆ" ಅಂದರು.

ಮಾವ ತಾವೇ ಬಿಚ್ಚಿದರು. ಉಂಗುರಗಳನ್ನು ಬೋರ್ಡಿನಿಂದ ಕಿತ್ತು ಕೊಟ್ಟೆ, ಅವರು ಒಂದೊಂದರಿಂದ ಎರಡೆರಡು ಸುತ್ತು ತೆಗೆದರು, ನಾನು ತುದಿ ಕೆರೆದು ಮತ್ತೆ ಬೆಸೆದೆ. ಮಿಕ್ಕ ತಾಮ್ರದ ತುಂಡಿನಲ್ಲಿ ಅತ್ತೆ ಬೇಳೆ ಪೊಟ್ಟಣದ ಬಾಯಿ ಕಟ್ಟಿದರು. ಕೀಲಿ ಒತ್ತಿದೆ. ಮುಳ್ಳು ಎದ್ದು ನಲವತ್ತನ್ನು ಮುಟ್ಟಿತು.

ಮರುದಿನ ಬೆಳಿಗ್ಗೆ ಕಾಫಿ ಲೋಟ ಮುಟ್ಟದೆ ಮಾವ ಸೆಟ್ಟಿನ ಮುಂದೆ ಕೂತರು. ಮೂರು ಸಲ ತಟ್ಟಿದರು. ಗೊರಗೊರ. ಮತ್ತೆ ಮೂರು ಸಲ. ಆ ಗೊರಗೊರದ ಆಳದಿಂದ ನಿಧಾನವಾಗಿ ಟಿಕ್, ಟಿಕ್, ಟಿಕ್ ಎಂದು ಬಂತು. ಹಿಂದೆಯೇ ಅಕ್ಷರಗಳು: ಲೇ ಡ್ರೈವರೇ, ಯಾಕ್ ಇಂಗ್ ಕಿರ್ಚ್ತೀಯ, ನಾನೇನ್ ಕಿವುಡನಾ?

ಮಾವ ನಕ್ಕ ರಭಸಕ್ಕೆ ಕಾಫಿ ಚೆಲ್ಲಿತು. ಅತ್ತೆ ಬೈಯಲಿಲ್ಲ.

ಆ ಬೇಸಿಗೆಯಲ್ಲಿ ನೆಂಟರ ಮದುವೆಯೆಂದು ಗೆಳೆಯರು ಮಗಳ ಜೊತೆ ಈ ಕಡೆ ಬಂದರು. ಅವರನ್ನು ಕರೆತರಲು ನಾನೂ ಮಾವನೂ ಬಂಗಾರಪೇಟೆ ಸ್ಟೇಷನ್ನಿಗೆ ಹೋದೆವು. ಇಬ್ಬರೂ ತಬ್ಬಿಕೊಂಡರು, ಒಬ್ಬರ ಬೆನ್ನು ಒಬ್ಬರು ಬಡಿದರು. ಆಮೇಲೆ ಪ್ಲಾಟ್‌ಫಾರಂ ಬೆಂಚಿನಲ್ಲಿ ಕೂತು ಮಾವ ಏನೋ ಕೇಳಿದರು, ಗೆಳೆಯರಿಗೆ ಕೇಳಿಸಲಿಲ್ಲ. ಕಿವಿಯ ಹತ್ತಿರ ಬಾಗಿ ಕೂಗಿದರು, ಆಗಲೂ ಇಲ್ಲ. ಆಗ ಮಾವ ಜೇಬಿನಿಂದ ಮನೆಯ ಬೀಗದ ಕೈ ತೆಗೆದು ಬೆಂಚಿನ ಕಬ್ಬಿಣದ ಕೈಯ ಮೇಲೆ ಮೂರು ಸಲ ತಟ್ಟಿದರು. ಗೆಳೆಯರು ಅಂಗೈಯಿಟ್ಟು ಆ ಕಬ್ಬಿಣ ಮುಟ್ಟಿ ನೋಡಿ, ಬೀಗದ ಕೈ ಕಿತ್ತುಕೊಂಡು ತಾವೂ ತಟ್ಟಿದರು. ಚಹಾ ಮಾರುವವನು ತನ್ನನ್ನೇ ಕರೆದರೆಂದು "ಬಂದೆ ಸಾರ್, ಬಂದೆ" ಎಂದು ಓಡಿಬಂದ. ಅವರಿಬ್ಬರೂ ಬೀಗದ ಕೈಯಲ್ಲೇ ಮಾತು ಮುಗಿಸಿ ಏಳುವ ಹೊತ್ತಿಗೆ ಮೂರು ಸಲ ಬಂದಿದ್ದ. ಮೂರು ಸಲವೂ ನಾವೆಲ್ಲ ಚಹಾ ಕುಡಿದೆವು.