ದುಂಡವ್ವನ ಬೆನ್ನ ಹಿಂದಿನ ಬಳೆ

ಜತ್ತದ ಹಳೆ ಪೇಟೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕಂಬಳಿ ಮಾರುವ ಸನಮಡಿಯ ದುಂಡವ್ವನನ್ನು ಮೂವತ್ತು ವರ್ಷಗಳಲ್ಲಿ ಯಾರಿಗೂ ಎಬ್ಬಿಸಲಾಗಿಲ್ಲ. ಹಿಂದೆ ಕುದುರೆ ಕಟ್ಟುತ್ತಿದ್ದ ಕಬ್ಬಿಣದ ಬಳೆಗಳನ್ನು ಕಿತ್ತು ಗೋಡೆಗಳಿಗೆ ಸಿಮೆಂಟು ಬಳಿಯಲು ಬಂದವರು ಅವಳ ಜಾಗವೊಂದನ್ನು ಬಿಟ್ಟು ಮುಂದೆ ಹೋದರು. ಬೆನ್ನ ಹಿಂದಿನ ಬಳೆಗೆ ನೂಲು ಬಿಗಿದೇ ಅವಳು ಕಂಬಳಿಯ ಅಂಚು ಹೊಸೆಯುತ್ತಿದ್ದಳು. ಅದನ್ನೇಕೆ ಬಿಟ್ಟುಕೊಟ್ಟಾಳು?

ಮೊನ್ನೆ ವಿಜಯಪುರದಿಂದ ಇಬ್ಬರು ತರುಣರು ಬಂದರು. ಒಗಟು ಬಿಡಿಸಿ, ಬಚ್ಚಿಟ್ಟ ಡಬ್ಬಿ ಹುಡುಕುವ ಫೋನಿನ ಆಟ ಅವರದು. ಇಲ್ಲಿನ ಶಿಕ್ಷಕಿ ದೀಪಾಲಿ ದುಂಡವ್ವನನ್ನು ಕೇಳಿಯೇ ಆ ಬಳೆಗೆ ಡಬ್ಬಿ ಕಟ್ಟಿ ಒಗಟು ಬರೆದಿದ್ದಳು: 'ಕುದುರೆಗಳು ಹೋದವು, ಒಂದು ಬಳೆ ಉಳಿಯಿತು. ಡಬ್ಬಿ ಅದರಲ್ಲಿದೆ.' ಬೀದಿಯನ್ನು ಮೂರು ಸಲ ಸುತ್ತಿದರೂ ಅವರಿಗೆ ಬಳೆ ಕಾಣಲಿಲ್ಲ. ಕೊನೆಗೆ ದುಂಡವ್ವನ ಮುಂದೆ ಬಂದು ನಿಂತರು.

"ಅಜ್ಜಿ, ಚೂರು ಏಳ್ರಿ. ಹಿಂದಿನ ಗ್ವಾಡಿ ನೋಡಬೇಕು," ಎಂದನೊಬ್ಬ.

ಅವಳು ಹೊಸೆಯುವ ಕೈ ನಿಲ್ಲಿಸಲಿಲ್ಲ.

"ಸಿಮೆಂಟಿನವ್ರು ಬಂದಾಗ ನಾ ಎದ್ದಿದ್ರ ನಿಮಗ ಇಲ್ಲಿ ಹುಡುಕಾಕ ಏನೂ ಉಳೀತಿರಲಿಲ್ಲ. ಇವತ್ತೂ ಏಳಂಗಿಲ್ಲ. ನೀವ ಬಗ್ಗಿ ನೋಡ್ರಿ."