ಎಮ್ಮೆಗೆ ಮಡಿಲಕ್ಕಿ

ಚಿತ್ರ ತೆಗೆದುಕೊಳ್ಳಲು ಕೈಚಾಚಿದರೆ ಶಾರದಾ ಕೊಡಲೇ ಇಲ್ಲ. ಎದೆಗವಚಿಕೊಂಡು, ‘ಅಯ್ಯೋ ಮಾರಾಯ್ತಿ, ಹೆಣ್ಣುಮಗಳನ್ನ ಹಂಗೇ ಕಳಿಸ್ತಾರಾ?’ ಎಂದು ನನ್ನನ್ನೇ ಗದರಿ ಒಳಗೆ ಹೋದಳು.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ, ಬುದ್ಧಿ ಬೆಳವಣಿಗೆ ನಿಧಾನವಾದವರೂ ಮನಸ್ಸಿನ ಕಾಯಿಲೆಯವರೂ ದಿನವೂ ಸೇರಿ ಚಿತ್ರ ಬರೆಯುತ್ತಿದ್ದ ಪುಟ್ಟ ಚಿತ್ರಶಾಲೆ ಅದು. ನಲವತ್ತು ದಾಟಿದ ಶಾರದಾ ಬರೆದ ನೀಲಿ ಎಮ್ಮೆಯನ್ನು ಭದ್ರಾವತಿಯ ನಮ್ಮ ಮನೆಗೆಂದು ಕೊಂಡಿದ್ದೆ. ಮನಸ್ಸು ಬದಲಾಯಿಸಿಬಿಟ್ಟಳೇನೋ ಎಂದು ನನಗೆ ದಿಗಿಲು.

ಅವಳು ಅಕ್ಕಿ, ತೆಂಗಿನಕಾಯಿ, ಹಸಿರು ಬಳೆ ಹಿಡಿದು ಬಂದಳು. ಎಮ್ಮೆಯ ಹಣೆಗೆ ಕುಂಕುಮವಿಟ್ಟಳು. ಎಮ್ಮೆಗೆ ಸೆರಗೆಲ್ಲಿಂದ ಬರಬೇಕು? ನನ್ನ ಸೆರಗು ಒಡ್ಡಿಸಿ ಮಡಿಲು ತುಂಬಿದಳು. ಉಳಿದ ಕಲಾವಿದರು ಕುಂಚ ಕೆಳಗಿಟ್ಟು, ಬಣ್ಣದ ಡಬ್ಬಿ ಬಡಿದು ವಾಲಗವನ್ನೇ ಎಬ್ಬಿಸಿದರು. ‘ದೀಪಾವಳಿಗೆ ಇವಳನ್ನ ಕರ್ಕೊಂಡು ಬರ್ಬೇಕು, ತಪ್ಪಿಸ್ಬಾರ್ದು’ ಎಂದು ಶಾರದಾಳ ಅಪ್ಪಣೆಯಾಯಿತು.

ಹಬ್ಬದ ದಿನ ಎಮ್ಮೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ. ಅಪ್ಪ, ಅಮ್ಮ ಹೋದ ಮೇಲೆ ನನ್ನನ್ನು ಹಬ್ಬಕ್ಕೆ ಕರೆಯುವವರೇ ಇರಲಿಲ್ಲ. ಶಾರದಾ ಬಾಗಿಲಲ್ಲೇ ಕಾದಿದ್ದಳು. ಒಳಗೆ ಎರಡು ಎಲೆ ಹಾಕಿದ್ದಳು: ಒಂದು ಎಮ್ಮೆಗೆ, ಒಂದು ನನಗೆ.